ಖಣ್ ಎನ್ನುವ ಹೆಂಚು

ಪ್ರೀತಿಯ ತಂಗಿ,

ಬೆಟಗೇರಿಯಿಂದ ನೀನು ಕಳಿಸಿದ ಕ್ರಿಸ್‌ಮಸ್ ಕಥೆ, ನಾಲ್ಕು ಕವಿತೆ ತಲುಪಿದವು. ಎರಡೆರಡು ಸಲ ಓದಿದೆ. ಜೊತೆಗಿದ್ದ ಕಾಗದವನ್ನು ಇನ್ನೂ ಹೆಚ್ಚು ಸಲ ಓದಿದೆ. ಚರ್ಚಿನ ಸಭೆಗೆ ನಿನ್ನ ವಾರಿಗೆಯವರು ಬರುತ್ತಾರೆ, ನಿಲ್ಲುವಾಗ ನಿಲ್ಲುತ್ತಾರೆ, ಕೂರುವಾಗ ಕೂರುತ್ತಾರೆ, ಆದರೆ ಯಾರೊಳಗೂ ಏನೂ ಅಲುಗುವುದಿಲ್ಲ ಎಂದಿದ್ದೀಯ. ನೀನು ಕಥೆ ಬರೆದರೆ ಅವರ ನಂಬಿಕೆ ಮತ್ತೆ ಚಿಗುರೀತೇ ಎಂದು ಕೇಳಿದ್ದೀಯ. ಚಿಗುರೀತು ಎಂದು ನಂಬಿಯೇ ನಾನು ನಲವತ್ತು ವರ್ಷ ಬರೆದದ್ದು. ಆದರೆ ಅದು ಹೇಗೆ ಚಿಗುರುತ್ತದೆ ಎಂಬುದನ್ನು ಬಹಳ ಕಾಲ ತಪ್ಪು ತಿಳಿದಿದ್ದೆ. ಅದಕ್ಕೇ ಈ ಉದ್ದದ ಪತ್ರ.

ನನ್ನ ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ್ದು. ಆವಿಗೆಯಿಂದ ತೆಗೆದ ಹೆಂಚನ್ನು ಅಜ್ಜ ಎಡಗೈಯಲ್ಲಿ ಹಿಡಿದು ಬಲಗೈ ಬೆರಳ ಗಂಟಿನಿಂದ ಒಮ್ಮೆ ತಟ್ಟುತ್ತಿದ್ದರಂತೆ. ಖಣ್ ಎಂದರೆ ಮಾಡಿಗೆ, ಮಂಕಾಗಿ ಸದ್ದು ಬಂದರೆ ಪಕ್ಕದ ರಾಶಿಗೆ. ಕಣ್ಣಿಗೆ ಎರಡೂ ಒಂದೇ ಕೆಂಪು, ಒಂದೇ ಆಕಾರ. ಬಿರುಕು ಒಳಗಿರುತ್ತದೆ, ಮೊದಲ ಮಳೆಗೆ ಗೊತ್ತಾಗುತ್ತದೆ. ನಿವೃತ್ತರಾದ ಮೇಲೂ ಮನೆಯಲ್ಲಿ ಕೈಗೆ ಸಿಕ್ಕ ಮಡಕೆ, ತಟ್ಟೆಗಳನ್ನೆಲ್ಲ ಅವರು ತಟ್ಟುತ್ತಿದ್ದುದನ್ನು ನಾನು ಕಂಡಿದ್ದೇನೆ.

ನಿನ್ನ ಕಥೆಯನ್ನೂ ಹಾಗೆಯೇ ತಟ್ಟಿ ನೋಡಿದೆ. ಮೊದಲ ಮೂರು ಪುಟಗಳಲ್ಲಿ 'ಮಹಿಮೆ' ಹನ್ನೊಂದು ಸಲ ಬಂದಿದೆ, 'ದಿವ್ಯ ಪ್ರಭೆ' ಆರು ಸಲ. ಯಾವುದೂ ಸದ್ದು ಮಾಡಲಿಲ್ಲ. ನಾಲ್ಕನೆಯ ಪುಟದಲ್ಲಿ ನಿನ್ನ ಅಜ್ಜಿ ಜ್ವರ ಬಂದ ಕೂಸಿಗೆ ಎಣ್ಣೆ ಹಚ್ಚುತ್ತಾ ಪ್ರಾರ್ಥಿಸುತ್ತಾಳೆ: 'ಯಪ್ಪಾ, ಈ ಕೂಸಿನ ಉಸರ ನಿನ್ನ ಕೈಯಾಗ ಐತಿ, ನಾ ಬರೇ ಎಣ್ಣಿ ತಿಕ್ಕಾಕಿ.' ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಎದ್ದು ಹೊರಗೆ ಹೋಗಿ ನಿಂತೆ. ನಲವತ್ತು ವರ್ಷಗಳಲ್ಲಿ ನಾನು ಕೃಪೆಯ ಬಗ್ಗೆ ಬರೆದ ಯಾವ ಸಾಲೂ ಅಷ್ಟು ಹೇಳಿಲ್ಲ. ನೀನದನ್ನು ಕಥೆಯ ಮಧ್ಯೆ ಎಲ್ಲೋ ಹಾಕಿ ಮುಂದೆ ಹೋಗಿಬಿಟ್ಟಿದ್ದೀಯ, ಪಾತ್ರಗಳೆಲ್ಲ ಮತ್ತೆ ಪ್ರಸಂಗಪೀಠದ ಭಾಷೆಗೆ ಮರಳಿವೆ. ಯಾಕೆ? ಧಾರವಾಡದ ಕಡೆಯ ಮಾತು ದೇವರ ಮುಂದೆ ಸಾಲದು ಎಂದು ನಿನಗೆ ಯಾರು ಹೇಳಿದರು?

ಇದು ನಮ್ಮ ಹಳೆಯ ರೋಗ. ಆದರೆ ಮೊದಲಿಂದ ಹೀಗಿರಲಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ. ಸುವಾರ್ತೆ ಸಾರಲು ಬಂದವನು ಪುರಂದರದಾಸರ ಹಾಡಿಗೆ ಕಿವಿಗೊಟ್ಟು ಕೂತದ್ದನ್ನು ನೆನೆದುಕೋ. ಅವನ ಹಿಂದೆ, 1853ರಲ್ಲಿ ಬಂದ ಕಿಟ್ಟೆಲ್. ಅವರ ನಿಘಂಟು ಎಲ್ಲರಿಗೂ ಗೊತ್ತು; 1894ರಲ್ಲಿ ಹೊರಬಂತು. ಅದಕ್ಕೂ ಮೂವತ್ತೆರಡು ವರ್ಷ ಹಿಂದೆ, ಮೂವತ್ತರ ಹರೆಯದಲ್ಲಿ, ಅವರು ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂದು ಕನ್ನಡದ ಪದ್ಯದಲ್ಲಿ ಕಟ್ಟಿದರು ಎಂಬುದು ನಮ್ಮ ಸಭೆಗಳಲ್ಲೇ ಹೆಚ್ಚು ಜನಕ್ಕೆ ತಿಳಿಯದು. ಆಮೇಲೆ ನಾಗವರ್ಮನ ಛಂದಸ್ಸಿನ ಗ್ರಂಥ ಛಂದೋಂಬುಧಿಯನ್ನು ಸಂಪಾದಿಸಿದರು. ಜರ್ಮನಿಯಿಂದ ಬಂದ ಮನುಷ್ಯನಿಗೆ ಮಾತ್ರೆ, ಗಣ, ಪ್ರಾಸಗಳ ಗೊಡವೆ ಯಾಕೆ ಬೇಕಿತ್ತು? ನನಗೆ ಅನಿಸುವುದು ಇಷ್ಟು: ಒಂದು ಜನ ಯಾವ ಲಯದಲ್ಲಿ ಅಳುತ್ತಾರೆ, ಯಾವ ಲಯದಲ್ಲಿ ಮಗುವನ್ನು ತೂಗುತ್ತಾರೆ ಎಂದು ತಿಳಿಯದೆ ಅವರಿಗೆ ಯೇಸುವಿನ ಕಥೆ ಹೇಳಲಾಗದು ಎಂದು ಅವರು ಕಂಡುಕೊಂಡಿದ್ದರು. ವಾಕ್ಯವು ಮಾಂಸವಾಯಿತು ಎಂದು ಯೋಹಾನ ಬರೆದದ್ದನ್ನು ನಾವು ಪ್ರತಿ ಕ್ರಿಸ್‌ಮಸ್‌ಗೆ ಓದುತ್ತೇವೆ. ಮಾಂಸವೆಂದರೆ ಒಂದು ಊರು, ಒಂದು ಭಾಷೆ, ಒಂದು ಧ್ವನಿ. ಗಲಿಲಾಯದವರ ಮಾತಿನ ಧಾಟಿಯಿಂದಲೇ ತಾನೆ ಶಿಷ್ಯ ಪೇತ್ರ, ಯೇಸುವನ್ನು ಹಿಡಿದ ರಾತ್ರಿ, ಅಂಗಳದಲ್ಲಿ ಸಿಕ್ಕಿಬಿದ್ದದ್ದು?

ಇನ್ನು ಚೆಲುವಿನ ವಿಷಯ. ನಾನು ಬೆಳೆದ ಸಭೆಯ ಗೋಡೆಗಳಿಗೆ ಬರೀ ಸುಣ್ಣ. ಚಿತ್ರವಿಲ್ಲ, ಪ್ರತಿಮೆಯಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಕ್ಯಾಥೊಲಿಕ್ ಗೆಳೆಯನೊಬ್ಬ ನನ್ನನ್ನು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಕರೆದುಕೊಂಡು ಹೋದ. ತಲೆಯೆತ್ತಿದೆ, ಕುತ್ತಿಗೆ ನೋಯುವ ತನಕ ಇಳಿಸಲಿಲ್ಲ. ಇಟಲಿಯ ಬೆರ್ಗಾಮೊ ಸೀಮೆಯ ಅಂತೋನಿಯೊ ಮೊಸ್ಕೆನಿ ಎಂಬ ಯೇಸುಸಭೆಯ ಬ್ರದರ್, 1899ರಿಂದ 1901ರವರೆಗೆ ಆ ಗೋಡೆ, ಮಾಡುಗಳನ್ನು ಚಿತ್ರಗಳಿಂದ ತುಂಬಿದ. ಗೋಡೆಯ ಕೆಲಸ ಹಸಿ ಗಾರೆಯ ಮೇಲಿನದು. ಅಂದು ಬಳಿದ ಗಾರೆಯನ್ನು ಅಂದೇ ಬರೆದು ಮುಗಿಸಬೇಕು, ಒಣಗಿದ ಮೇಲೆ ಬಣ್ಣ ಒಳಗೆ ಇಳಿಯುವುದಿಲ್ಲ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಮುಖ, ಎಷ್ಟು ಕೈ ಎಂದು ಬೆಳಿಗ್ಗೆಯೇ ಗೊತ್ತಿರಬೇಕು. ನಮ್ಮ ಮಳೆಗಾಲದ ತೇವದಲ್ಲಿ ಅದು ಎಂಥ ಕಷ್ಟ ಎಂದು ಯೋಚಿಸು. ನಾಲ್ಕೇ ವರ್ಷಗಳ ನಂತರ, 1905ರಲ್ಲಿ, ಕೊಚ್ಚಿಯಲ್ಲಿ ಅವನು ತೀರಿಕೊಂಡ. ನೂರು ವರ್ಷ ತುಂಬುವ ಮೊದಲೇ ತೇವ ತಿಂದಿದ್ದ ಚಿತ್ರಗಳನ್ನು 1990ರ ದಶಕದಲ್ಲಿ ಪರಿಣತರು ಕೂತು ಉಳಿಸಿಕೊಟ್ಟರು.

ಮಾಡಿನಲ್ಲಿರುವುದು ಅಲೋಶಿಯಸ್ ಗೊನ್ಜಾಗನ ಬಾಳು. ಸಿರಿವಂತ ಮನೆತನದ ಹಿರಿಯ ಮಗ, ಆಸ್ತಿ ಬಿಟ್ಟುಕೊಟ್ಟು ಬಂದವನು, ರೋಮಿನಲ್ಲಿ ಪ್ಲೇಗ್ ಬಂದವರ ಆರೈಕೆ ಮಾಡುತ್ತಾ ತಾನೂ ರೋಗ ತಗುಲಿ 1591ರಲ್ಲಿ ಸತ್ತ. ವಯಸ್ಸು 23. ನಿನಗಿಂತ ಒಂದು ವರ್ಷ ಚಿಕ್ಕವನು. ಆ ದಿನ ನನಗೆ ಈ ಕಥೆ ಯಾರೂ ಹೇಳಲಿಲ್ಲ, ಬೋಧನೆ ಮಾಡಲಿಲ್ಲ. ಬಣ್ಣವೊಂದೇ. ಆದರೂ ಮನೆಗೆ ಹೋಗಿ ಸತ್ಯವೇದ ತೆರೆದಾಗ ಅಕ್ಷರಗಳ ಹಿಂದೆ ಮುಖಗಳಿದ್ದವು. ಮರುದಿನ ಭಾನುವಾರ ನಮ್ಮ ಸುಣ್ಣದ ಗೋಡೆಯೂ ಬೇರೆಯೇ ಆಗಿ ಕಂಡಿತು. ಬೆಳಗಿನ ಬಿಸಿಲು ಅದರ ಮೇಲೆ ಸರಿಯುವುದನ್ನು ಮೊದಲ ಬಾರಿಗೆ ನೋಡಿದೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಇಪ್ಪತ್ತೈದರ ಸುಮಾರಿಗೆ ಶುಭ ಶುಕ್ರವಾರಕ್ಕೊಂದು ನಾಟಕ ಬರೆದೆ. ಚೆಂದವಾಗಿತ್ತು. ಶಿಲುಬೆಯ ಕೆಳಗೆ ನಿಂತ, ಯೇಸುವಿನ ತಾಯಿ ಮರಿಯಳಿಂದ ದೀರ್ಘವಾದ, ಸಮಾಧಾನದ ಮಾತಾಡಿಸಿದ್ದೆ. ನಾಟಕ ಮುಗಿದ ಮೇಲೆ, ಆ ವರ್ಷವೇ ಮಗನನ್ನು ಕಳೆದುಕೊಂಡಿದ್ದ ತಾಯಿಯೊಬ್ಬರು ಹತ್ತಿರ ಬಂದು, 'ಅವಳು ಹಾಗೆ ಮಾತಾಡಿರಲಿಕ್ಕಿಲ್ಲ' ಎಂದಷ್ಟೇ ಹೇಳಿ ಹೋದರು. ಆ ರಾತ್ರಿ ಯೋಹಾನನ ಸುವಾರ್ತೆ ತೆಗೆದು ನೋಡಿದೆ. ಶಿಲುಬೆಯ ಬಳಿ ಮರಿಯಳು ನಿಂತಿದ್ದಾಳೆ. ಒಂದು ಮಾತೂ ಆಡುವುದಿಲ್ಲ. ಅವಳ ಮೌನವನ್ನು ನಾನು ಅಲಂಕಾರದಿಂದ ಮುಚ್ಚಿಬಿಟ್ಟಿದ್ದೆ.

ಚೆಲುವು ಎಂದರೆ ನಯವಲ್ಲ ಎಂದು ನಾನು ಕಲಿತದ್ದು ಅಲ್ಲಿಂದ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಅಸ್ಸಿ ಎಂಬಲ್ಲಿ, ಕ್ಷಯರೋಗಿಗಳ ಆಸ್ಪತ್ರೆಗಳ ನಡುವೆ ಒಂದು ದೇವಾಲಯವಿದೆ. 1950ರಲ್ಲಿ ಅದರ ಪ್ರತಿಷ್ಠೆಯಾಯಿತು. ಅದರ ಪೀಠಕ್ಕೆ ಶಿಲ್ಪಿ ಜೆರ್ಮೇನ್ ರಿಷಿಯೆ ಮಾಡಿಕೊಟ್ಟ ಕ್ರಿಸ್ತನಿಗೆ ಮುಖವೇ ಇಲ್ಲವೆನ್ನಬೇಕು. ಒಣಗಿದ ಮರದ ಕಾಂಡದಂಥ ಮೈ, ಚಾಚಿದ ತೋಳು. ಪ್ರವಾದಿ ಯೆಶಾಯ ಹೇಳುವ ಒಣನೆಲದ ಬೇರು ನೆನಪಾಗುತ್ತದೆ, ನೋಡುವವರಿಗೆ ಹಿಡಿಸುವ ಅಂದವಿಲ್ಲದವನು. ದೂರದವರು ದೇವದೂಷಣೆ ಎಂದು ಕೂಗಿದರು, 1951ರಲ್ಲಿ ಬಿಷಪ್ಪರು ಅದನ್ನು ತೆಗೆಸಿದರು. ತಮ್ಮ ಸೊರಗಿದ ದೇಹವನ್ನು ಅದರಲ್ಲಿ ಕಂಡುಕೊಂಡವರು ಆ ಆಸ್ಪತ್ರೆಯ ರೋಗಿಗಳು. ವರ್ಷಗಳ ಮೇಲೆ ಅದು ಪೀಠಕ್ಕೆ ಮರಳಿತು, ಈಗಲೂ ಅಲ್ಲೇ ಇದೆ. ಅಸ್ಸಿಗೆ ಕಲಾವಿದರನ್ನು ಕರೆತಂದ ಡೊಮಿನಿಕನ್ ಪಾದ್ರಿ ಕುಟೂರಿಯೆ, ನಂಬಿಕೆಯ ಚೀಟಿ ನೋಡಿ ಯಾರನ್ನೂ ಆರಿಸಲಿಲ್ಲ. ಕೆಲಸ ಬಲ್ಲವರನ್ನು ಕರೆದರು. ಯೆಹೂದ್ಯನಾದ ಚಿತ್ರಕಾರ ಶಗಾಲ್ ಕೂಡ ಅವರಲ್ಲಿದ್ದ.

ಅಷ್ಟು ದೂರ ಯಾಕೆ? ಮಂಗಳೂರಿನಿಂದ ಸ್ವಲ್ಪ ದಕ್ಷಿಣಕ್ಕೆ ಮಂಜೇಶ್ವರ. ಗೋವಿಂದ ಪೈಗಳು ಅಲ್ಲಿ ಕೂತು ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂದು ಬರೆದರು. ದೀಕ್ಷಾಸ್ನಾನ ಪಡೆದವರಲ್ಲ, ಸಭೆಯ ಲೆಕ್ಕದಲ್ಲಿ ಹೆಸರಿಲ್ಲ. ಆದರೆ ಪ್ರತಿ ಶುಭ ಶುಕ್ರವಾರ ನಾನು ಅದನ್ನು ಗಟ್ಟಿಯಾಗಿ ಓದುತ್ತೇನೆ, ಏಕೆಂದರೆ ಅಲ್ಲಿ ಶಿಲುಬೆಗೆ ಮತ್ತೆ ಮರದ ಭಾರ ಬರುತ್ತದೆ. ನಮ್ಮ ಬಾಯಲ್ಲಿ ಸವೆದುಹೋದುದನ್ನು ಹೊರಗಿನವನೊಬ್ಬ ಹೊಸದಾಗಿ ಕಂಡು ನಮಗೇ ಮರಳಿ ಕೊಟ್ಟ. ಇದಕ್ಕೆ ನಾವು ಇನ್ನೂ ಸರಿಯಾಗಿ ಕೃತಜ್ಞತೆ ಹೇಳಿಲ್ಲ ಎಂಬ ನೋವು ನನಗಿದೆ.

ಹಾಗಾಗಿ, ತಂಗಿ, ಯುವಕರ ನಂಬಿಕೆಯನ್ನು ಎಬ್ಬಿಸಬೇಕೆಂಬ ಉದ್ದೇಶವನ್ನು ಬರೆಯುವ ಮೇಜಿನಿಂದ ಎತ್ತಿ ಆಚೆ ಇಡು. ಪ್ರಾರ್ಥನೆಯಲ್ಲಿ ಇರಲಿ, ವಾಕ್ಯದಲ್ಲಿ ಬೇಡ. ಕಥೆಯಲ್ಲಿ ಇರಬೇಕಾದ್ದು ಎಣ್ಣೆ, ಕೂಸು, ಉಸಿರು. ಸತ್ಯವೇದದ ವಿಮೋಚನಕಾಂಡದಲ್ಲಿ ದೇವರು ಬೆಚಲೇಲನೆಂಬ ಕುಶಲಕರ್ಮಿಯನ್ನು ತನ್ನ ಆತ್ಮದಿಂದ ತುಂಬಿದ್ದೇನೆ ಎನ್ನುತ್ತಾನೆ. ಯಾತಕ್ಕೆ? ಪ್ರಸಂಗಕ್ಕಲ್ಲ. ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ರತ್ನ ಕೆತ್ತುವುದಕ್ಕೆ, ಮರದ ಕೆತ್ತನೆಗೆ. ಒಂದು ವಿಶೇಷಣ ಹೊಡೆದು ಹಾಕಲು ನೀನು ಕೂತ ಅರ್ಧ ಗಂಟೆ ಆ ಸಾಲಿಗೆ ಸೇರಿದ್ದು. ಅದನ್ನು ವ್ಯರ್ಥ ಎಂದು ಯಾರಾದರೂ ಅಂದರೆ ಒಪ್ಪಬೇಡ.

ಕವಿತೆಗಳ ಬಗ್ಗೆ ಬೇರೆ ಬರೆಯುತ್ತೇನೆ. ಎರಡನೆಯದು ಬಿಟ್ಟು ಉಳಿದವು ಇನ್ನೂ ಬೇಯಬೇಕು. ಕಥೆಯನ್ನು ನಾಲ್ಕನೆಯ ಪುಟದಿಂದ ಶುರುಮಾಡು. ಮೊದಲ ಮೂರು ಪುಟ ನಿನಗೇ ಇರಲಿ. ಅಜ್ಜಿ ಇನ್ನೂ ಇದ್ದಾರೆಂದು ಬರೆದಿದ್ದೀಯಲ್ಲ, ಅವರ ಹತ್ತಿರ ಕೂತು ಒಂದು ಸಂಜೆ ಸುಮ್ಮನೆ ಕೇಳು, ಬರೆದುಕೊಳ್ಳಬೇಡ. ಕೂಸಿಗೆ ಎಣ್ಣೆ ತಿಕ್ಕುವಾಗ ಮೊದಲು ಎದೆಗೋ ಅಂಗಾಲಿಗೋ ಎಂದು ಕೇಳು. ನಿನ್ನ ಕಥೆಯಲ್ಲಿ ಅದಿಲ್ಲ, ನನಗೆ ತಿಳಿಯಬೇಕಾಗಿದೆ. ಹೊಸ ಪ್ರತಿ ಸಿದ್ಧವಾದಾಗ ಅಂಚೆಗೆ ಹಾಕಬೇಡ. ಮಂಗಳೂರಿಗೆ ತಗೊಂಡು ಬಾ. ಬೆಳಿಗ್ಗೆ ಚಾಪೆಲ್‌ಗೆ ಹೋಗೋಣ, ಮಧ್ಯಾಹ್ನ ನಮ್ಮ ಮನೆ ಜಗಲಿಯಲ್ಲಿ ನೀನು ಗಟ್ಟಿಯಾಗಿ ಓದು. ನಮ್ಮ ಮಾಡಿನ ಮೇಲೆ ಅಜ್ಜ ತಟ್ಟಿ ಆರಿಸಿದ ಹೆಂಚುಗಳೇ ಇವೆ.

ನಿನ್ನ ಅಣ್ಣ