ಎ ಡಿವಿಷನ್‌ಗೆ ಹೋಗೋದಾ ಅಂತ ಕೇಳಿದ್ದಕ್ಕೆ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ಅಕ್ಕ ಫೋನಿನಲ್ಲಿ ಎಲ್ಲ ಹೇಳಿದಳು. 28ಕ್ಕೇ ವಯಸ್ಸಾಯಿತು, ಎತ್ತರವೂ ಸಾಲದು ಅಂತ ಫುಟ್‌ಬಾಲ್ ಕ್ಲಬ್ಬಿನವರು ನಿನ್ನನ್ನು ಕೈಬಿಟ್ಟರಂತೆ. ಈಗ ಒಂದು ಹಂತ ಕೆಳಗಿನ ಎ ಡಿವಿಷನ್ ತಂಡದವರು ಕರೆದರೆ, ಸೂಪರ್ ಡಿವಿಷನ್ ಆಡಿದವನು ಅಲ್ಲಿಗೆ ಹೋಗೋದಾ ಅಂತ ಮುಖ ಊದಿಸಿಕೊಂಡು ಕೂತಿದ್ದೀಯಂತೆ. ಹೋಗು ಅಂತಲೇ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳೋದಕ್ಕೆ ಗಾರ್ಡನ್ ಸ್ಟ್ರಾಕನ್ ವಿಷಯ ಬರೆಯುತ್ತಿದ್ದೇನೆ. ಅವನೂ ನಿನ್ನ ಹಾಗೆ ಬಲಗಡೆಯ ಮಿಡ್‌ಫೀಲ್ಡರ್.

ಸ್ಕಾಟ್ಲೆಂಡಿನ ಎಡಿನ್‌ಬರೋದವನು, ಹುಟ್ಟಿದ್ದು 1957ರಲ್ಲಿ. ಕೆಂಪು ಕೂದಲಿನ ಕುಳ್ಳ. 15ನೇ ವಯಸ್ಸಿನಲ್ಲಿ ಪೆನ್ ಚುಚ್ಚಿ ಒಂದು ಕಣ್ಣಿಗೆ ಪೆಟ್ಟಾಗಿತ್ತು. ಡಂಡೀ ತಂಡದಲ್ಲಿ ಶುರು ಮಾಡಿ 1977ರಲ್ಲಿ ಅಬರ್ಡೀನ್ ಸೇರಿದ. ಮರುವರ್ಷ ಅಲ್ಲಿಗೆ ಮ್ಯಾನೇಜರ್ ಆಗಿ ಬಂದವನು ಅಲೆಕ್ಸ್ ಫರ್ಗುಸನ್.

1983ರ ಮಾರ್ಚಿನ ಒಂದು ಫ್ರೀಕಿಕ್ ಇದೆ, ಹುಡುಕಿ ನೋಡು. ಯುರೋಪಿನ ಕ್ಲಬ್ಬುಗಳ ಕಪ್ ವಿನ್ನರ್ಸ್ ಕಪ್ ಕ್ವಾರ್ಟರ್ ಫೈನಲ್, ಎದುರಿಗೆ ಜರ್ಮನಿಯ ಬಯರ್ನ್ ಮ್ಯೂನಿಕ್. ಅಬರ್ಡೀನ್ ತನ್ನ ನೆಲದಲ್ಲೇ 1-2ರಿಂದ ಹಿಂದೆ ಇತ್ತು. ಸ್ಟ್ರಾಕನ್ ಮತ್ತು ಜಾನ್ ಮೆಕ್‌ಮಾಸ್ಟರ್ ಇಬ್ಬರೂ ಚೆಂಡಿನ ಹತ್ತಿರ ಓಡಿ ಬಂದರು. ನೀನು ಹೊಡೆಯೋದಾ, ನಾನು ಹೊಡೆಯೋದಾ ಅಂತ ಗೊತ್ತಾಗದವರ ಹಾಗೆ ನಿಂತುಬಿಟ್ಟರು. ಬಯರ್ನ್ ಡಿಫೆಂಡರುಗಳು ಒಂದು ಗಳಿಗೆ ಮೈಮರೆತರು, ಅಷ್ಟೇ. ಸ್ಟ್ರಾಕನ್ ಥಟ್ಟನೆ ತಿರುಗಿ ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹಾಕಿದ. ಅಲೆಕ್ಸ್ ಮೆಕ್ಲೀಶ್ ತಲೆಯಲ್ಲಿ ಹೊಡೆದು 2-2 ಮಾಡಿದ. ಆ ಗಡಿಬಿಡಿಯೆಲ್ಲ ಮೊದಲೇ ಮಾತಾಡಿಕೊಂಡ ನಾಟಕ! ಅದಾದ ತಕ್ಷಣ ಜಾನ್ ಹ್ಯೂವಿಟ್ ಇನ್ನೊಂದು ಗೋಲು ಹೊಡೆದು ಗೆಲ್ಲಿಸಿಬಿಟ್ಟ. ಮೇ 11ರಂದು ಗೋಥೆನ್‌ಬರ್ಗ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನೇ ಸೋಲಿಸಿ ಕಪ್ ಎತ್ತಿದರು. ಇಂಥ ಆಟಕ್ಕೆ ಆರಡಿ ಎತ್ತರ ಏನು ಮಾಡುತ್ತೆ ಹೇಳು?

(ಎತ್ತರದಿಂದ ಅವನಿಗೆ ತೊಂದರೆ ಆಗಿದ್ದು ನನಗೆ ಗೊತ್ತಿರುವಂತೆ ಒಂದೇ ಸಲ. 1986ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿಗೆ ಗೋಲು ಹೊಡೆದು, ಖುಷಿಯಲ್ಲಿ ಜಾಹೀರಾತು ಹಲಗೆ ಹಾರಲು ಹೋದ. ಕಾಲು ದಾಟಲಿಲ್ಲ. ಹಲಗೆಯ ಮೇಲೆ ಒಂದು ಕಾಲಿಟ್ಟುಕೊಂಡು ನಿಂತ. ಆ ಮ್ಯಾಚ್ ಸೋತರು, ಬಿಡು.)

1984ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ, ಮರುವರ್ಷ ಎಫ್‌ಎ ಕಪ್ ಗೆದ್ದ. 1986ರ ಕೊನೆಗೆ ಫರ್ಗುಸನ್ ಅಲ್ಲಿಗೂ ಬಂದ. 1989ರ ಮಾರ್ಚ್‌ನಲ್ಲಿ ಅದೇ ಫರ್ಗುಸನ್ ಅವನನ್ನು ಲೀಡ್ಸ್‌ಗೆ ಮಾರಿದ. ಆಗ ವಯಸ್ಸು 32, ಲೀಡ್ಸ್ ಇದ್ದದ್ದು ಎರಡನೇ ಡಿವಿಷನ್‌ನಲ್ಲಿ. ಫರ್ಗುಸನ್ ಮಾಡಿದ್ದು ಅನ್ಯಾಯ ಅಂತ ನಾನು ಹೇಳೋದಿಲ್ಲ. ಅವನಿಗೆ ಹೊಸ ತಂಡ ಕಟ್ಟಬೇಕಿತ್ತು. ನಿನ್ನ ಕ್ಲಬ್ಬಿನವರ ಮೇಲೂ ಹಲ್ಲು ಕಡಿಯೋದು ಬಿಡು. ಅವರಿಗೆ ಏನು ಬೇಕೋ ಅದನ್ನು ಅವರು ನೋಡಿಕೊಂಡರು. ನಿನ್ನ ಆಟ ಮುಗಿಯಿತು ಅಂತ ತೀರ್ಮಾನ ಮಾಡೋ ಕೆಲಸ ಅವರದಲ್ಲ.

ಲೀಡ್ಸ್‌ನ ಮ್ಯಾನೇಜರ್ ಹೊವರ್ಡ್ ವಿಲ್ಕಿನ್ಸನ್ ಅವನನ್ನು ಕ್ಯಾಪ್ಟನ್ ಮಾಡಿದ. 1990ರಲ್ಲಿ ತಂಡ ಮೊದಲನೇ ಡಿವಿಷನ್‌ಗೆ ಬಂತು. ಆ ಸೀಸನ್ನಿನ ಕೊನೆಯಲ್ಲಿ ಲೆಸ್ಟರ್ ವಿರುದ್ಧ ಇನ್ನೇನು ಆಟ ಮುಗಿಯಿತು ಅನ್ನುವಾಗ ಗೆಲುವಿನ ಗೋಲು ಹೊಡೆದವನು ಇವನೇ. 1991ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ವರ್ಷದ ಆಟಗಾರ ಅಂತ ಆರಿಸಿದರು. 1992ರಲ್ಲಿ ಲೀಡ್ಸ್ ಲೀಗ್ ಚಾಂಪಿಯನ್. ಎರಡನೇ ಸ್ಥಾನ ಯಾರಿಗೆ ಗೊತ್ತಾ? ಮ್ಯಾಂಚೆಸ್ಟರ್ ಯುನೈಟೆಡ್‌ಗೆ! ಮುಂದೆ ಕೊವೆಂಟ್ರಿಗೆ ಹೋಗಿ, 40 ತುಂಬಿದ ಮೇಲೂ ಪ್ರೀಮಿಯರ್ ಲೀಗ್ ಆಡಿದ.

ಅದು ಸುಮ್ನೆ ಆಗಲಿಲ್ಲ ಪುಟ್ಟಾ. ಊಟದ ವಿಷಯದಲ್ಲಿ ಅವನು ಬಲು ಕಟ್ಟುನಿಟ್ಟು. ಓಟ್ಸ್ ಗಂಜಿ, ಬಾಳೆಹಣ್ಣು, ಕಡಲಪಾಚಿ ಮಾತ್ರೆ. ಮಾತ್ರೆಯ ಮೇಲೆ ನನಗೆ ಅಂಥ ನಂಬಿಕೆ ಇಲ್ಲ. ಆದರೆ ಮ್ಯಾಚ್ ಮುಗಿದ ರಾತ್ರಿ ಹನ್ನೊಂದಕ್ಕೆ ಪರೋಟ ತಿನ್ನೋ ನಿನಗೆ ಗಂಜಿ, ಬಾಳೆಹಣ್ಣು ಖಂಡಿತ ಬೇಕು. ಅಕ್ಕನಿಗೂ ಹೇಳಿದ್ದೇನೆ.

ಆ ತಂಡದವರಿಗೆ ಈ ವಾರವೇ ಉತ್ತರ ಕೊಡು. ಸಹಿ ಹಾಕುವ ಮುಂಚೆ ಕೋಚ್ ಹತ್ತಿರ ಕೂತು, ನನ್ನನ್ನು ಎಲ್ಲಿ ಆಡಿಸುತ್ತೀರಿ, ವಾರಕ್ಕೆ ಎಷ್ಟು ದಿನ ಪ್ರ್ಯಾಕ್ಟೀಸ್, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು ಅಂತ ಕೇಳು. ದುಡ್ಡಿನ ಮಾತು ಆಮೇಲೆ. ಅದಕ್ಕೆ ಬೇಕಾದರೆ ನಾನೂ ಜೊತೆಗೆ ಬರುತ್ತೇನೆ.

ಇಂತಿ,
ನಿನ್ನ ಮಾವ