ಹೂವಿನ ಬೆನ್ನನ್ನೂ ನೋಡು

ತೀರ್ಥಹಳ್ಳಿ
ಶ್ರಾವಣ ಮಾಸ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ನಿನಗೆ ಶಾಲೆಯಲ್ಲಿ ಹೂವಿನ ಪ್ರಾಜೆಕ್ಟ್ ಕೊಟ್ಟಿದ್ದಾರಂತೆ, ಹತ್ತು ತೋಟದ ಹೂ, ಹತ್ತು ಕಾಡು ಹೂ ಗುರುತಿಸಿ ಬರೆಯಬೇಕಂತೆ. ಅಂಗಡಿಯಲ್ಲಿ ಹೂವಿನ ಚಾರ್ಟ್ ಸಿಗುತ್ತದೆ, ಕತ್ತರಿಸಿ ಅಂಟಿಸಿದರೆ ಒಂದು ಸಂಜೆಯ ಕೆಲಸ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಆ ಚಾರ್ಟ್ ಬೇಡ ಪುಟ್ಟಿ. ಅದರಲ್ಲಿ ಟ್ಯೂಲಿಪ್ ಇರುತ್ತದೆ, ಡ್ಯಾಫೊಡಿಲ್ ಇರುತ್ತದೆ. ನಿಮ್ಮ ಬೀದಿಯ ಖಾಲಿ ಸೈಟಿನಲ್ಲಿ ಬೆಳೆದ ತುಂಬೆ ಇರುವುದಿಲ್ಲ. ಮೈಸೂರಿನಂಥ ಊರಿನಲ್ಲಿ ಇದ್ದುಕೊಂಡು ಹೂವಿಗಾಗಿ ಅಂಗಡಿಗೆ ಹೋಗುವುದು ನನಗೆ ಸಹಿಸಲಾಗದ ಮಾತು. ಇಪ್ಪತ್ತು ಹೂಗಳ ಪಟ್ಟಿ ಮಾಡಬೇಕೆಂದು ಅವಸರಪಡಬೇಡ. ಮೊದಲು ನಾಲ್ಕೈದು ಹೂಗಳನ್ನು ಬಿಡಿಸಿ, ಮುಟ್ಟಿ, ಮೂಸಿ ಚೆನ್ನಾಗಿ ತಿಳಿದುಕೊ. ಅವುಗಳ ನೆಂಟರೆಲ್ಲ ಆಮೇಲೆ ತಾವಾಗಿಯೇ ಗುರುತು ಸಿಗುತ್ತಾರೆ. ಹೂವನ್ನು ಗುರುತಿಸುವುದೆಂದರೆ ಮೊದಲು ಅದರ ಕುಲವನ್ನು ಗುರುತಿಸುವುದು. ಬಣ್ಣ ನೋಡಿ ಹೊರಟವರಿಗೆ ಅದು ಸಿಗುವುದಿಲ್ಲ.

ದಾಸವಾಳದಿಂದ ಶುರು ಮಾಡು. ಐದೇ ಎಸಳಿನ ಕೆಂಪು ದಾಸವಾಳ ಇರಲಿ. ಒತ್ತೊತ್ತಾಗಿ ತುಂಬಿಕೊಂಡ ಮುದ್ದೆ ದಾಸವಾಳದಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ, ಹೂವಿನ ಕಟ್ಟು ತಿಳಿಯುವುದಿಲ್ಲ. ಹೂವನ್ನು ಕವುಚಿ ಹಿಡಿದು ಬೆನ್ನನ್ನು ನೋಡು. ತೊಟ್ಟಿನ ಹತ್ತಿರ ಸಣ್ಣ ಹಸಿರು ಪಟ್ಟಿಗಳ ಒಂದು ಸುತ್ತು, ಅದರ ಮೇಲೆ ಐದು ಹಲ್ಲುಗಳ ಇನ್ನೊಂದು ಹಸಿರು ಬಟ್ಟಲು. ಮುಂದಿನಿಂದ ತೆಗೆದ ಯಾವ ಫೋಟೊದಲ್ಲೂ ಈ ಎರಡು ಸುತ್ತು ಕಾಣುವುದಿಲ್ಲ. ಈಗ ಎಸಳುಗಳನ್ನು ಒಂದೊಂದಾಗಿ ಬಿಡಿಸು. ಪ್ರತಿಯೊಂದರ ಒಂದು ಅಂಚು ಪಕ್ಕದ ಎಸಳಿನ ಮೇಲಿರುತ್ತದೆ, ಇನ್ನೊಂದು ಅಂಚು ಆಚೆ ಕಡೆಯ ಎಸಳಿನ ಅಡಿಯಲ್ಲಿ ಸೇರಿಕೊಂಡಿರುತ್ತದೆ. ಬುಡದಲ್ಲಿ ಬೆರಳಿಗೆ ಲೋಳೆ ಹತ್ತುತ್ತದೆ. ಎಲ್ಲ ಕಿತ್ತ ಮೇಲೆ ನಡುವೆ ಒಂದು ಉದ್ದನೆಯ ಕೊಳವೆ ಉಳಿಯುತ್ತದೆ, ಅದರ ಮೈಮೇಲೆ ಪರಾಗದ ಹಳದಿ ಗಂಟುಗಳು. ಬ್ಲೇಡಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಒಳಗೊಂದು ತೆಳುವಾದ ಎಳೆ ಸಿಗುತ್ತದೆ. ಅದು ಅಂಡಾಶಯದಿಂದ ಹೊರಟು ಕೇಸರಗಳ ಕೊಳವೆಯೊಳಗೇ ಸಾಗಿ ತುದಿಯಲ್ಲಿ ಐದು ಕೆಂಪು ಚುಕ್ಕೆಗಳಾಗಿ ಹೊರಬರುತ್ತದೆ. ಬ್ಲೇಡ್ ಹಿಡಿಯುವಾಗ ಅಪ್ಪ ಪಕ್ಕದಲ್ಲಿರಲಿ.

ಇದಾದ ಮೇಲೆ ಬೆಂಡೆಕಾಯಿ ಗಿಡದ ಹೂ ಎಲ್ಲಿಯಾದರೂ ಸಿಗುತ್ತದೆಯೇ ನೋಡು. ತೆಳು ಹಳದಿ ಎಸಳು, ನಡುವೆ ಕಡು ಕೆಂಪು, ಅದರಲ್ಲೂ ಅದೇ ಕೊಳವೆ. ಹತ್ತಿಯ ಹೂವಿನಲ್ಲೂ ಅದೇ. ಬೇಲಿ ಬದಿಯ ತುತ್ತಿ ಗಿಡದ ಹಳದಿ ಹೂವಿನಲ್ಲೂ ಅದೇ. ಎಲ್ಲವೂ ಮಾಲ್ವೇಸಿ ಕುಟುಂಬದವು. ತುತ್ತಿ ನಿನ್ನ ಕಾಡು ಹೂವಿನ ಪಟ್ಟಿಗೆ ಹೋಗುತ್ತದೆ, ದಾಸವಾಳ ತೋಟದ ಪಟ್ಟಿಗೆ. ಎರಡರ ಚಿತ್ರವನ್ನೂ ಎದುರುಬದುರು ಪುಟಗಳಲ್ಲಿ ಬಿಡಿಸಿ ತೋರಿಸಿದರೆ ನಿಮ್ಮ ಟೀಚರಿಗೆ ನೀನು ಏನು ಕಲಿತೆ ಎಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ತುಂಬೆಗೆ ಕಣ್ಣಿಗಿಂತ ಬೆರಳು ಮುಖ್ಯ. ಅದರ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸು, ನಾಲ್ಕು ಮೂಲೆ ತಗಲುತ್ತದೆ. ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಇರುತ್ತವೆ. ಶಿವನಿಗೆ ಏರಿಸುವ ಆ ಪುಟ್ಟ ಬಿಳಿ ಹೂವಿಗೆ ಎರಡು ತುಟಿ, ಮೇಲಿನದು ಚಿಕ್ಕದು ಮತ್ತು ರೋಮಮಯ, ಕೆಳಗಿನದು ಅಗಲ. ಮನೆಯ ತುಳಸಿ ಕಾಂಡವನ್ನೂ ಪುದೀನ ಕಡ್ಡಿಯನ್ನೂ ಹೀಗೆಯೇ ಹೊರಳಿಸಿ ನೋಡು.

ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ ಇವುಗಳಲ್ಲಿ ನಾವು ಒಂದು ಹೂ ಎನ್ನುವುದು ನೂರಾರು ಹೂಗಳ ಗುಚ್ಛ. ಇದನ್ನು ನೋಡಲು ರಸ್ತೆಬದಿಯ ಜಯಂತಿ ಗಿಡ ಸಾಕು. ಪುಸ್ತಕದ ಹೆಸರು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಉದ್ದ ತೊಟ್ಟಿನ ತುದಿಯಲ್ಲಿ ಹಳದಿ ಗುಂಡಿ, ಅಂಚಿಗೆ ಕೆಲವೇ ಬಿಳಿ ಎಸಳು, ಪ್ರತಿ ಎಸಳಿನ ತುದಿಯಲ್ಲಿ ಮೂರು ಹಲ್ಲು. ಆ ಬಿಳಿ ಎಸಳು ಒಂದೊಂದೂ ಒಂದು ಪೂರ್ತಿ ಹೂ. ಸೂಜಿಯಿಂದ ಹಳದಿ ಗುಂಡಿಯನ್ನು ಬಿಡಿಸಿದರೆ ಐದು ಹಲ್ಲುಗಳ ಪುಟ್ಟ ಕೊಳವೆ ಹೂಗಳು ಉದುರುತ್ತವೆ. ಲೆನ್ಸ್ ಇದ್ದರೆ ಒಳ್ಳೆಯದು. ಬೋಗನ್‌ವಿಲ್ಲಾದಲ್ಲಿ ಇದಕ್ಕೆ ಬೇರೆಯೇ ಬಗೆಯ ಮರೆ: ಬಣ್ಣದ ಕಾಗದದಂತಿರುವವು ಎಲೆಗಳು, ನಿಜವಾದ ಹೂ ಅವುಗಳ ನಡುವೆ ಇರುವ ಸಣ್ಣ ಬಿಳಿ ಕೊಳವೆ.

ಗೌರಿ ಹಬ್ಬಕ್ಕೆ ನೀವು ಇಲ್ಲಿಗೆ ಬರುವ ಹೊತ್ತಿಗೆ ಬೇಲಿಯ ಮೇಲೆ ಗೌರಿ ಹೂ ಅರಳಿರುತ್ತದೆ. ಕೆಲವರು ಅಗ್ನಿಶಿಖೆ ಎನ್ನುತ್ತಾರೆ. ನಮ್ಮ ಕಡೆ ಕರ್ಣಕುಂಡಲಕ್ಕೂ ಗೌರಿ ಹೂ ಎನ್ನುವವರಿದ್ದಾರೆ. ಅದಕ್ಕೇ ಪ್ರತಿ ಹೂವಿಗೂ ಊರಿನ ಹೆಸರು, ಅದನ್ನು ಯಾರು ಹೇಳಿದರು, ವೈಜ್ಞಾನಿಕ ಹೆಸರು ಮೂರನ್ನೂ ಬರೆ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ತನಗೆ ತಿಳಿದ ಗಿಡಗಳಿಗೆಲ್ಲ ಎರಡು ಪದಗಳ ಹೆಸರು ಇಟ್ಟ ಕ್ರಮವೇ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಇದು ಗ್ಲೋರಿಯೋಸಾ ಸುಪರ್ಬಾ. ಆರು ಎಸಳು ಹಿಂದಕ್ಕೆ ಬಾಗಿ ಮೇಲೇಳುತ್ತವೆ, ಆರು ಕೇಸರಗಳು ಸುತ್ತಲೂ ಚಾಚಿಕೊಳ್ಳುತ್ತವೆ. ಹೂವಿನ ಹೆಣ್ಣು ಭಾಗವಾದ ಶಲಾಕೆಯ ಕಡ್ಡಿ ಬುಡದಲ್ಲೇ ಅಡ್ಡ ತಿರುಗಿ ಪಕ್ಕಕ್ಕೆ ಹೋಗುತ್ತದೆ. ಮೂರು, ಆರು ಎಂಬ ಲೆಕ್ಕ ಕಂಡರೆ ಏಕದಳ ಸಸ್ಯ, ಅಂದರೆ ಬೀಜದಲ್ಲಿ ಒಂದೇ ದಳವಿರುವ ಸಸ್ಯ, ಇರಬಹುದೆಂದು ಊಹಿಸಿ ಎಲೆಯ ನರಗಳನ್ನು ನೋಡು, ಸಮಾನಾಂತರವಾಗಿದ್ದರೆ ಊಹೆ ಗಟ್ಟಿಯಾಯಿತು. ಈ ಬಳ್ಳಿಯಲ್ಲಿ ಎಲೆಯ ತುದಿಯೇ ಸುರುಳಿ ಸುತ್ತಿ ಬೇಲಿಯನ್ನು ಹಿಡಿದುಕೊಳ್ಳುತ್ತದೆ. ಹೂ ಮೊದಲು ಹಸಿರು ಹಳದಿ, ದಿನ ಕಳೆದಂತೆ ಕೆಂಪು. ಆದ್ದರಿಂದ ಒಂದೇ ಹೂವಿನ ಚಿತ್ರವನ್ನು ಬೇರೆ ಬೇರೆ ದಿನ ಬಿಡಿಸಬೇಕು.

ಆದರೆ ಅದನ್ನು ನಾನಿಲ್ಲದೆ ಮುಟ್ಟಬೇಡ. ಗೆಡ್ಡೆಯಲ್ಲಂತೂ ಪ್ರಾಣ ತೆಗೆಯುವಷ್ಟು ವಿಷವಿದೆ, ಕಾಲ್ಚಿಸೀನ್ ಅದರ ಹೆಸರು. ಕಣಗಿಲೆ, ಉಮ್ಮತ್ತಿ ಕೂಡ ವಿಷದ ಗಿಡಗಳೇ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು. ಗೊತ್ತಿಲ್ಲದ ಯಾವುದನ್ನೂ ನಾಲಿಗೆಗೆ ಇಡಬಾರದು, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ತೋಟದ ಹೂ, ಕಾಡು ಹೂ ಎಂಬ ವಿಂಗಡಣೆಯಲ್ಲಿ ಸ್ವಲ್ಪ ಎಚ್ಚರವಿರಲಿ. ಲಂಟಾನವನ್ನು ನೀನು ಕಣ್ಣು ಮುಚ್ಚಿಕೊಂಡು ಕಾಡಿನ ಪಟ್ಟಿಗೆ ಸೇರಿಸುತ್ತೀಯೆ. ಬಂಡೀಪುರದ ದಾರಿಯಲ್ಲಿ ನೋಡಿದ್ದೀಯಲ್ಲ, ಅಷ್ಟು ದಟ್ಟವಾಗಿ ಹಬ್ಬಿದೆ. ಅದು ಅಮೆರಿಕ ಖಂಡದ ಗಿಡ, ಬ್ರಿಟಿಷರ ಕಾಲದಲ್ಲಿ ಅಂದಕ್ಕೆಂದು ತೋಟಕ್ಕೆ ಬಂದದ್ದು. ತೋಟ ಬಿಟ್ಟು ಕಾಡು ಹೊಕ್ಕು ಹುಲ್ಲಿಗೂ ಎಳೆಯ ಸಸಿಗಳಿಗೂ ಜಾಗವಿಲ್ಲದಂತೆ ಮಾಡಿತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಈಗ ಅದರ ಕಡ್ಡಿಯಿಂದ ಕುರ್ಚಿ, ಮೇಜು ಮಾಡುತ್ತಾರೆ. ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ಮೂಲ ಮೆಕ್ಸಿಕೊ. ಮುಟ್ಟಿದರೆ ಮುನಿ ಕೂಡ ಅಮೆರಿಕ ಖಂಡದ್ದೇ. ಆದ್ದರಿಂದ ಪ್ರತಿ ಪುಟದಲ್ಲಿ ಇದನ್ನು ಯಾರಾದರೂ ನೆಟ್ಟದ್ದೋ ತಾನಾಗಿ ಹುಟ್ಟಿದ್ದೋ, ಮೂಲ ನಾಡು ಯಾವುದು ಎಂಬ ಎರಡು ಸಾಲು ಇರಲಿ.

ಮೊಬೈಲ್ ಬಳಸಬಾರದೆಂದು ನಾನು ಹೇಳುವುದಿಲ್ಲ. ಮುಂದಿನಿಂದ ಒಂದು, ಬೆನ್ನಿನಿಂದ ಒಂದು, ಎಲೆ ಸಮೇತ ಇಡೀ ಗಿಡದ್ದೊಂದು ಫೋಟೊ ತೆಗೆ. ಹೂ ಗುರುತಿಸುವ ಆ್ಯಪ್ ಹೇಳಿದ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊ. ಆ ಗಿಡಕ್ಕೆ ಇರಬೇಕಾದ ಲಕ್ಷಣಗಳೆಲ್ಲ ನಿನ್ನ ಕೈಯಲ್ಲಿರುವ ಗಿಡಕ್ಕೆ ಹೊಂದಿದ ಮೇಲೆ ಪೆನ್ನಿನಲ್ಲಿ ಬರೆ. ಲಂಟಾನದ ಎಲೆ ಹಿಸುಕಿದಾಗ ಬರುವ ಘಾಟು, ತುಂಬೆ ಕಾಂಡದ ಮೂಲೆ ಇವು ಫೋಟೊಗೆ ಸಿಗುವುದಿಲ್ಲ.

ಹೊತ್ತು ನೋಡಿ ಹೋಗಬೇಕಾದ ಹೂಗಳೂ ಇವೆ. ಪಾರಿಜಾತ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಉದುರುತ್ತದೆ. ಸಂಜೆಮಲ್ಲಿಗೆ ಶಾಲೆ ಬಿಟ್ಟು ಬಂದ ಮೇಲೆ ಬಿರಿಯುತ್ತದೆ. ಹುಲ್ಲಿನ ನಡುವಿನ ನೀಲಿ ವಿಷ್ಣುಕ್ರಾಂತಿ ಬೆಳಗ್ಗೆಯೇ ನೋಡಬೇಕಾದದ್ದು.

ಒಣಗಿಸಿ ಅಂಟಿಸುವುದಾದರೆ ಗಿಡ ಕೀಳಬೇಡ. ಎಲೆ, ಮೊಗ್ಗು, ಹೂ, ಸಾಧ್ಯವಾದರೆ ಕಾಯಿ ಇರುವ ಒಂದು ಟೊಂಗೆ ಸಾಕು. ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು ಮೇಲೆ ಭಾರ ಹೇರು. ಮಳೆಗಾಲವಾದ್ದರಿಂದ ದಿನಾ ಹಾಳೆ ಬದಲಿಸು, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಒಣಗಿದ ಹೂವಿನ ಬಣ್ಣ ಮಾಸುತ್ತದೆ, ಕಿತ್ತ ಕೂಡಲೇ ಬಣ್ಣ, ವಾಸನೆ, ಜಾಗ, ತಾರೀಕು ಬರೆದುಕೊ. ಅಭಯಾರಣ್ಯದಿಂದ ಒಂದು ಎಸಳನ್ನೂ ತರಬಾರದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸಿದೆ. ಮರದ ಮೇಲೆ ಬೆಳೆಯುವ ಸೀತೆದಂಡೆ ಎಂಬ ಆರ್ಕಿಡ್ ಹೂವನ್ನು ಎಲ್ಲಿ ಕಂಡರೂ ಫೋಟೊ ತೆಗೆದು ಅಲ್ಲೇ ಬಿಟ್ಟು ಬಾ.

ಹಬ್ಬಕ್ಕೆ ಬರುವಾಗ ಲೆನ್ಸ್, ಗೆರೆ ಇಲ್ಲದ ನೋಟ್‌ಬುಕ್, ಬಣ್ಣದ ಪೆನ್ಸಿಲ್ ತಾ. ಪತ್ರಿಕೆಗಳನ್ನು ನಾನು ಕೂಡಿಟ್ಟಿದ್ದೇನೆ. ಅಷ್ಟರೊಳಗೆ ದಾಸವಾಳ, ತುಂಬೆ, ಜಯಂತಿ ಮೂರರ ಚಿತ್ರ ಮುಗಿಸಿ ನನಗೆ ಕಳುಹಿಸು, ತಿದ್ದುವುದಿದ್ದರೆ ಹೇಳುತ್ತೇನೆ. ಅಪ್ಪ ಅಮ್ಮನಿಗೆ ನಾನು ಕೇಳಿದೆನೆಂದು ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ