ಮಾಡ್ಯೂಲ್‌ಗೆ ಸಹಿ ಬೀಳದಿದ್ದಾಗ ಪಾತ್ ನೋಡಿ

ಮಾನ್ಯ ಸಂಪಾದಕರೇ,

ಲಿನಕ್ಸ್ ಕಂಪ್ಯೂಟರ್‌ನಲ್ಲಿ ಪ್ರತ್ಯೇಕವಾಗಿ ಹಾಕಿಕೊಂಡ ಡ್ರೈವರ್ ಲೋಡ್ ಆಗದಿದ್ದರೆ ‘ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿಯಿಲ್ಲದ ಸಾಫ್ಟ್‌ವೇರನ್ನು ತಡೆಯುವ ವ್ಯವಸ್ಥೆ) ಆಫ್ ಮಾಡಿ’ ಎನ್ನುವವರೇ ಹೆಚ್ಚು. ಇದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ದೋಷವು ಸಹಿ ಹಾಕುವ ಮೇಕ್‌ಫೈಲ್‌ನ (‘ಮೇಕ್’ ಎಂಬ ಬಿಲ್ಡ್ ಸಾಧನಕ್ಕೆ ಸೂಚನೆ ಕೊಡುವ ಫೈಲ್‌ನ) ಒಂದೇ ಸಾಲಿನಲ್ಲಿ ಇರಬಹುದು.

ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೇಕೆಂದಾಗ ಸೇರಿಸುವ ಡ್ರೈವರ್‌ನಂಥ ತುಣುಕುಗಳಿಗೆ, ಅಂದರೆ ಮಾಡ್ಯೂಲ್‌ಗಳಿಗೆ, ಡಿಜಿಟಲ್ ಸಹಿ ಹಾಕುವ ವ್ಯವಸ್ಥೆ 2012ರ 3.7ನೇ ಆವೃತ್ತಿಯಿಂದಲೂ ಇದೆ. ಇನ್‌ಸ್ಟಾಲ್ ಮಾಡುವಾಗ ‘ಸೈನ್-ಫೈಲ್’ ಎಂಬ ಸಣ್ಣ ಪ್ರೋಗ್ರಾಮ್ ಸಹಿ ಹಾಕಲು ಬೇಕಾದ ಗುಟ್ಟಿನ ಖಾಸಗಿ ಕೀಲಿಯನ್ನೂ ಅದರ ಪ್ರಮಾಣಪತ್ರವನ್ನೂ ಓದಿ, ಮಾಡ್ಯೂಲ್‌ನ ಕೊನೆಗೆ ಸಹಿಯನ್ನು ಸೇರಿಸುತ್ತದೆ. ಈ ಪ್ರೋಗ್ರಾಮ್ ಮತ್ತು ಪ್ರಮಾಣಪತ್ರದ ಪಾತ್‌ಗಳನ್ನು (ಫೈಲ್ ಇರುವ ಜಾಗದ ವಿಳಾಸಗಳನ್ನು) ‘ಸ್ಕ್ರಿಪ್ಟ್ಸ್/ಸೈನ್-ಫೈಲ್’ ಎಂಬಂತೆ, ಮೇಕ್ ಆ ಹೊತ್ತಿಗೆ ಯಾವ ಡೈರೆಕ್ಟರಿಯಲ್ಲಿದೆಯೋ ಅಲ್ಲಿಂದ ಹುಡುಕುವ ರೀತಿಯಲ್ಲಿ ಬರೆಯಲಾಗಿತ್ತು. 2025ರ ಜನವರಿಯಲ್ಲಿ ಬಂದ 6.13ನೇ ಆವೃತ್ತಿಯಲ್ಲಿ, ಕರ್ನಲ್‌ನ ಮೂಲ ಕೋಡ್‌ನಿಂದ ಹೊರಗಿರುವ ಮಾಡ್ಯೂಲ್‌ಗಳನ್ನು ಬಿಲ್ಡ್ ಮಾಡುವಾಗ ಮೇಕ್ ಆ ಮಾಡ್ಯೂಲ್‌ನ ಡೈರೆಕ್ಟರಿಯಲ್ಲೇ ಕೆಲಸ ಮಾಡುವಂತೆ ಬದಲಾವಣೆಯಾದ ಮೇಲೆ, ಅಲ್ಲಿ ಇಲ್ಲದ ‘ಸ್ಕ್ರಿಪ್ಟ್ಸ್’ ಫೋಲ್ಡರ್ ಸಿಗುವುದಾದರೂ ಹೇಗೆ? ಪಾತ್‌ನ ಮುಂದೆ ಕರ್ನಲ್ ಬಿಲ್ಡ್ ಡೈರೆಕ್ಟರಿಯನ್ನು ಸೂಚಿಸುವ ‘ಆಬ್ಜ್‌ಟ್ರೀ’ ಸೇರಿಸಿ ಅದನ್ನು ಸರಿಪಡಿಸಲಾಯಿತು.

ತಿದ್ದುಪಡಿ ಚಿಕ್ಕದು. ನನ್ನ ಆಕ್ಷೇಪವಿರುವುದು ಅದೇ ಸಾಲಿನ ಕೊನೆಯಲ್ಲಿ, ಹೊರಗಿನ ಮಾಡ್ಯೂಲ್‌ಗಳಿಗೆಂದೇ ಇರುವ ‘ಅಥವಾ ಟ್ರೂ’ ಎಂಬ ಷರತ್ತಿನ ಬಗ್ಗೆ: ಸಹಿ ಹಾಕುವುದು ವಿಫಲವಾದರೂ ಇನ್‌ಸ್ಟಾಲ್ ಯಶಸ್ವಿಯಾಯಿತೆಂದೇ ಮುಗಿಯುತ್ತದೆ. ಲಿನಕ್ಸ್ ವಿತರಕರು ತಮ್ಮ ಖಾಸಗಿ ಕೀಲಿಯನ್ನು ಯಾರಿಗೂ ಕೊಡುವುದಿಲ್ಲವಾದ್ದರಿಂದ, ಈ ಸಡಿಲಿಕೆ ಇಲ್ಲದಿದ್ದರೆ ಕಾಲೇಜಿನ ಲ್ಯಾಬ್‌ನಲ್ಲಿ ಮೊದಲ ಮಾಡ್ಯೂಲ್ ಬರೆಯುವ ವಿದ್ಯಾರ್ಥಿಗೂ ಇನ್‌ಸ್ಟಾಲ್ ಹಂತ ದಾಟಲಾಗದು. ಅಷ್ಟರಮಟ್ಟಿಗೆ ಅದು ನ್ಯಾಯವೇ. ಆದರೆ ಕೀಲಿಯೇ ಇಲ್ಲದವರಿಗೂ, ಕೀಲಿ ಇದ್ದು ಪಾತ್ ತಪ್ಪಿದವರಿಗೂ ಒಂದೇ ಉತ್ತರ ಸಿಗುವುದು ಸರಿಯಲ್ಲ. ಕೀಲಿಯ ಪಾತ್ ಅನ್ನು ಬಳಕೆದಾರರೇ ನಮೂದಿಸಿದ್ದರೆ, ಫೈಲ್ ಸಿಗದಾಗ ಬಿಲ್ಡ್ ನಿಲ್ಲಲೇಬೇಕು. ಇಲ್ಲವಾದರೆ ದೋಷ ಗೊತ್ತಾಗುವುದು ಮಾಡ್ಯೂಲ್ ಲೋಡ್ ಮಾಡುವಾಗ, ಅದೂ ಸಹಿ ಕಡ್ಡಾಯವಿರುವ ಯಂತ್ರಗಳಲ್ಲಿ ಮಾತ್ರ. ಉಳಿದೆಡೆ ಕರ್ನಲ್ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬಿದ್ದು, ಯಾರೂ ಓದದೆ ಸರಿದುಹೋಗುತ್ತದೆ.

ಪಾತ್ ಸಿಗಲಿಲ್ಲವೆಂದು ಖಾಸಗಿ ಕೀಲಿಯನ್ನೇ ಪ್ರತಿ ಮಾಡ್ಯೂಲ್‌ನ ಫೋಲ್ಡರಿಗೆ ಕಾಪಿ ಮಾಡುವವರೂ ಇದ್ದಾರೆ. ಹಾಗೆ ಹರಡಿದ ಕೀಲಿ ಒಮ್ಮೆ ಸೋರಿದರೆ, ಆ ಕೀಲಿಯನ್ನು ನಂಬುವ ಎಲ್ಲ ಯಂತ್ರಗಳಲ್ಲೂ ಯಾರು ಬೇಕಾದರೂ ತಮ್ಮ ಮಾಡ್ಯೂಲ್ ಓಡಿಸಬಹುದು. ಬಿಲ್ಡ್ ನೋಡಿಕೊಳ್ಳುವವರು ಪಾತ್‌ಗಳನ್ನು ‘ಆಬ್ಜ್‌ಟ್ರೀ’ಯಿಂದಲೇ ಬರೆಯಲಿ, ಇನ್‌ಸ್ಟಾಲ್ ಆದ ಮೇಲೆ ಮಾಡ್ಯೂಲ್‌ನ ವಿವರ ತೋರಿಸುವ ‘ಮಾಡ್‌ಇನ್ಫೋ’ ಕಮಾಂಡ್ ಓಡಿಸಿ, ಸಹಿ ಹಾಕಿದವರ ಹೆಸರಿನ ‘ಸೈನರ್’ ಎಂಬ ಸಾಲು ಕಾಣದಿದ್ದರೆ ಆ ಪ್ಯಾಕೇಜನ್ನು ಹೊರಬಿಡದಿರಲಿ.

ಇತಿ ತಮ್ಮ ವಿಶ್ವಾಸಿ,
ಓರ್ವ ಸಿಸ್ಟಂ ಎಂಜಿನಿಯರ್, ಬೆಂಗಳೂರು